ತನ್ನ ಸ್ವಭಾವವನ್ನು ತಾನರಿಯುವುದು

ತರಗತಿಯಲ್ಲಿ ಒಬ್ಬ ಹುಡುಗಿಯು ಪ್ರಶ್ನೆ ಮುಗಿಯುವುದಕ್ಕೆ ಮೊದಲೇ ಕೈಯೆತ್ತುವಳು. ಮತ್ತೊಬ್ಬಳು ಉತ್ತರವನ್ನು ಬಲ್ಲವಳಾದರೂ ತಲೆ ತಗ್ಗಿಸಿ ಕುಳಿತಿರುವಳು. ಮೊದಲನೆಯವಳನ್ನು ಜಾಣೆಯೆಂದೂ ಎರಡನೆಯವಳನ್ನು ಮಂದಳೆಂದೂ ಎಣಿಸುವುದು ಸುಲಭ. ನಾನೂ ಒಮ್ಮೆ ಹಾಗೆಯೇ ಎಣಿಸಿ, ಒಬ್ಬ ಹುಡುಗಿಯ ಪ್ರಗತಿಪತ್ರದಲ್ಲಿ “ಧೈರ್ಯ ಸಾಲದು” ಎಂದು ಬರೆದೆನು. ಅವಳು ಆ ಎರಡು ಮಾತುಗಳನ್ನು ತನ್ನ ಹೆಸರೋ ಎಂಬಂತೆ ಹೊತ್ತು ನಡೆದುದನ್ನು ಕಂಡು ನನಗೆ ವ್ಯಥೆಯಾಯಿತು. ಅಂದಿನಿಂದ ಈ ವಿಷಯವನ್ನು ಕುರಿತು ಓದತೊಡಗಿದೆನು.

ಮನುಷ್ಯರ ಸ್ವಭಾವಗಳನ್ನು ವಿಂಗಡಿಸುವ ಪ್ರಯತ್ನವು ಹೊಸದಲ್ಲ. ನಮ್ಮ ದೇಶದ ಪೂರ್ವಿಕರು ಸತ್ವ, ರಜಸ್ಸು, ತಮಸ್ಸು ಎಂಬ ಮೂರು ಗುಣಗಳನ್ನು ಹೇಳಿದರು. ಸ್ವಿಟ್ಜರ್ಲೆಂಡಿನ ಮನಶ್ಶಾಸ್ತ್ರಜ್ಞನಾದ ಕಾರ್ಲ್ ಯುಂಗನು 1921ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಹೊರಗಿನ ಜನರ ಮತ್ತು ವಸ್ತುಗಳ ಕಡೆಗೆ ಮನಸ್ಸು ಹರಿಯುವವರನ್ನು ಬಹಿರ್ಮುಖಿಗಳೆಂದೂ, ತಮ್ಮೊಳಗಿನ ಆಲೋಚನೆಗಳ ಕಡೆಗೆ ಹರಿಯುವವರನ್ನು ಅಂತರ್ಮುಖಿಗಳೆಂದೂ ಕರೆದನು. ಇದನ್ನು ಆಧಾರವಾಗಿಟ್ಟುಕೊಂಡು ಅಮೆರಿಕದ ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಬೆಲ್ ಮೈಯರ್ಸ್ ಎಂಬವರು ಎರಡನೆಯ ಮಹಾಯುದ್ಧದ ಕಾಲದಲ್ಲಿ ಒಂದು ಪ್ರಶ್ನಾವಳಿಯನ್ನು ರಚಿಸತೊಡಗಿ, ಸ್ವಭಾವಗಳನ್ನು 16 ವರ್ಗಗಳಾಗಿ ಏರ್ಪಡಿಸಿದರು.

ಇದರಿಂದ ಪ್ರಯೋಜನವೇನು? ಮೌನವು ದೋಷವಲ್ಲವೆಂದು ತಿಳಿಯುವುದೇ ಮೊದಲನೆಯ ಪ್ರಯೋಜನ. ಬೇಥಾನ್ಯದ ಅಕ್ಕತಂಗಿಯರನ್ನು ನೆನೆಯಿರಿ. ಮಾರ್ಥಳು ಮನೆತುಂಬ ಓಡಾಡಿ ಉಪಚರಿಸುವವಳು. ಮರಿಯಳು ಪಾದಗಳ ಬಳಿ ಕುಳಿತು ಕೇಳುವವಳು. ಮಾರ್ಥಳು ಎಚ್ಚರಿಕೆಯ ಮಾತನ್ನು ಕೇಳಿದ್ದು ದುಡಿದುದಕ್ಕಾಗಿಯಲ್ಲ, ಚಿಂತೆಯಿಂದ ಕಳವಳಗೊಂಡು ತಂಗಿಯನ್ನು ದೂರಿದುದಕ್ಕಾಗಿ. ಕರ್ತನು ಆ ಇಬ್ಬರನ್ನೂ ಪ್ರೀತಿಸಿದನೆಂದು ಯೋಹಾನನು ಬರೆದಿದ್ದಾನೆ.

ಆದರೆ ಎಚ್ಚರಿಕೆಯೂ ಬೇಕು. ಬಹುಮಂದಿ ಪೂರ್ಣ ಅಂತರ್ಮುಖಿಗಳೂ ಅಲ್ಲ, ಪೂರ್ಣ ಬಹಿರ್ಮುಖಿಗಳೂ ಅಲ್ಲ. ನಡುವೆ ಇರುವವರೇ ಹೆಚ್ಚು. ಅದೇ ಪ್ರಶ್ನಾವಳಿಗೆ ಕೆಲವು ವಾರಗಳ ಬಳಿಕ ಉತ್ತರಿಸಿದವರಲ್ಲಿ ಅನೇಕರು ಬೇರೆ ವರ್ಗಕ್ಕೆ ಸೇರಿದುದುಂಟು. ಆದಕಾರಣ ಇಂದಿನ ಮನಶ್ಶಾಸ್ತ್ರಜ್ಞರು ಗುಣಗಳನ್ನು ಪೆಟ್ಟಿಗೆಗಳಲ್ಲಿ ತುಂಬುವುದಕ್ಕಿಂತ, ಹೆಚ್ಚು ಕಡಮೆಗಳಿಂದ ಅಳೆಯುವುದನ್ನೇ ಮೆಚ್ಚುತ್ತಾರೆ. “ನಾನು ಇಂಥವಳು, ಇದು ನನ್ನಿಂದಾಗದು” ಎಂದು ಹುಡುಗಿಯು ಹೇಳುವಂತಾದರೆ, ನನ್ನ ಆ ಎರಡು ಮಾತುಗಳಿಗೂ ಈ ವರ್ಗಗಳಿಗೂ ಭೇದವೇನು?

ಆ ಹುಡುಗಿಗೆ, ಉತ್ತರವನ್ನು ಮೊದಲು ಬರೆದುಕೊಂಡು ಬಳಿಕ ಓದುವಂತೆ ಹೇಳಿದೆನು. ಮೊದಲ ದಿನ ಸ್ವರವು ನಡುಗಿತು. ವರ್ಷ ಮುಗಿಯುವುದರೊಳಗೆ ಅವಳು ಪ್ರಾರ್ಥನಾಸಭೆಯಲ್ಲಿ ನಿಂತು ವೇದಪಾಠವನ್ನು ಸ್ಪಷ್ಟವಾಗಿ ಓದಿದಳು. ಅವಳ ಸ್ವಭಾವವು ಬದಲಾಗಲಿಲ್ಲ. ಅದಕ್ಕೆ ತಕ್ಕ ದಾರಿ ದೊರೆಯಿತು.

ತಂದೆತಾಯಿಗಳಲ್ಲಿ ನನ್ನ ವಿಜ್ಞಾಪನೆಯಿಷ್ಟೆ: ನೆಂಟರ ಮುಂದೆ “ಇವಳಿಗೆ ಮಾತೇ ಬಾರದು” ಎಂದು ಹೇಳಬೇಡಿರಿ. ಅವಳಿಗೆ ಯಾವ ಕೆಲಸದಲ್ಲಿ ಉಲ್ಲಾಸ, ಯಾವುದರಲ್ಲಿ ಆಯಾಸ ಎಂಬುದನ್ನು ವಿಚಾರಿಸಿ, ಅವಳ ಉತ್ತರಕ್ಕಾಗಿ ಸ್ವಲ್ಪ ಕಾದಿರಿ. ಈಗ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರೂ ತಮ್ಮನ್ನು ಇದೇ ಪ್ರಶ್ನೆ ಕೇಳಿಕೊಳ್ಳಲಿ. ದೇವರು ಕೊಟ್ಟ ತಲಾಂತು ಯಾವುದೆಂದು ತಿಳಿದವಳೇ ಅದನ್ನು ಹೂತಿಡದೆ ವ್ಯಾಪಾರಕ್ಕೆ ಹಾಕಬಲ್ಲಳು.