ಲೈಬ್ರರಿ ಅಂದ್ರೆ ಬರೀ ‘ನಿಶ್ಶಬ್ದ’ ಅಲ್ಲ!

‘ನಿಶ್ಶಬ್ದವಾಗಿರಿ’ ಅನ್ನೋ ಬೋರ್ಡ್, ಪೇಪರ್ ಓದೋ ಹಿರಿಯರು. ಲೈಬ್ರರಿ ಅಂದ್ರೆ ಇಷ್ಟೇನಾ?

2020ರಲ್ಲಿ ಕೋವಿಡ್‌ನಿಂದ ಶಾಲೆಗಳು ಮುಚ್ಚಿದ್ದವು. ಆನ್‌ಲೈನ್ ಕ್ಲಾಸ್‌ಗೆ ಎಷ್ಟೋ ಹಳ್ಳಿ ಮಕ್ಕಳ ಹತ್ರ ಮೊಬೈಲೇ ಇರಲಿಲ್ಲ. ಆ ನವೆಂಬರ್‌ನಲ್ಲಿ ಕರ್ನಾಟಕದ ಗ್ರಾಮೀಣಾಭಿವೃದ್ಧಿ ಇಲಾಖೆ ‘ಓದುವ ಬೆಳಕು’ ಶುರು ಮಾಡಿತು. ಗ್ರಾಮ ಪಂಚಾಯಿತಿ ಲೈಬ್ರರಿಗಳಲ್ಲಿ 6ರಿಂದ 18 ವರ್ಷದವರಿಗೆ ಸದಸ್ಯತ್ವ ಉಚಿತ. ಪುಸ್ತಕದ ಜತೆಗೆ ಗಟ್ಟಿಯಾಗಿ ಕಥೆ ಓದೋದು, ಚಿತ್ರ ಬಿಡಿಸೋದು, ಚೆಸ್ ಕೂಡ ಬಂತು.

ಲೈಬ್ರರಿಗೆ ದುಡ್ಡು ಎಲ್ಲಿಂದ? 1965ರ ಕಾಯ್ದೆ ಪ್ರಕಾರ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಇದೆ. ಅಂದ್ರೆ ಇದು ಯಾರದೋ ಉಪಕಾರ ಅಲ್ಲ, ನಮ್ಮದೇ ದುಡ್ಡು. ನಿಮ್ಮೂರ ಲೈಬ್ರರಿಯಲ್ಲಿ ಕಾರ್ಯಕ್ರಮ ನಡೀತಿಲ್ವಾ? ಗ್ರಾಮಸಭೆಯಲ್ಲಿ ಎದ್ದು ಕೇಳಿ.