ಕಣ್ಣಳತೆ ನಡೆಯದ ಕೆಲಸ

1990ರ ಜೂನ್ 10. ಬರ್ಮಿಂಗ್‌ಹ್ಯಾಮ್‌ನಿಂದ ಸ್ಪೇನಿಗೆ ಹೊರಟಿದ್ದ ಬ್ರಿಟಿಷ್ ಏರ್‌ವೇಸ್ ವಿಮಾನದ ಕಾಕ್‌ಪಿಟ್ ಗಾಜು ಸುಮಾರು 17,000 ಅಡಿ ಎತ್ತರದಲ್ಲಿ ಕಿತ್ತುಹೋಯಿತು. ಕ್ಯಾಪ್ಟನ್ ಟಿಮ್ ಲ್ಯಾಂಕಾಸ್ಟರ್ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟು ನೇತಾಡಿದರು. ಸಿಬ್ಬಂದಿ ಅವರ ಕಾಲು ಬಿಗಿಹಿಡಿದರು, ಸಹಪೈಲಟ್ ಸೌತಾಂಪ್ಟನ್‌ನಲ್ಲಿ ವಿಮಾನ ಇಳಿಸಿದರು. ಕ್ಯಾಪ್ಟನ್ ಬದುಕುಳಿದರು. ತನಿಖೆ ಹೇಳಿದ್ದಿಷ್ಟು: ಹಾರಾಟಕ್ಕೆ ಮುಂಚೆ ಆ ಗಾಜನ್ನು ಬದಲಿಸಿದಾಗ ಹಾಕಿದ 90 ಬೋಲ್ಟುಗಳಲ್ಲಿ 84ರ ದಪ್ಪ ಬೇಕಾದುದಕ್ಕಿಂತ 0.66 ಮಿಲಿಮೀಟರ್ ಕಡಿಮೆ. ಬಿಡಿಭಾಗಗಳ ಕ್ಯಾಟಲಾಗ್ ನೋಡದೆ, ಹಳೇ ಬೋಲ್ಟಿನ ಜೊತೆ ಕಣ್ಣಳತೆಯಲ್ಲೇ ಹೋಲಿಸಿ ಆರಿಸಿದ್ದರು.

ಹಾಗಾಗಿ ವಿಮಾನ ನಿರ್ವಹಣೆಯ ಕಸುಬಿಗೆ ಬರುವವರಿಗೆ ಕೈಚಳಕಕ್ಕಿಂತ ಮೊದಲು ಬೇಕಾಗುವುದು ತಮ್ಮ ನೆನಪನ್ನೇ ನಂಬದಿರುವ ಗುಣ. ನೂರು ಸಲ ಮಾಡಿದ ಕೆಲಸಕ್ಕೂ ಕೈಪಿಡಿಯ ಪುಟ ತೆರೆದಿರಬೇಕು, ಟಾರ್ಕ್ ರೆಂಚ್ ತೋರಿಸಿದಷ್ಟೇ ಬಿಗಿಯಬೇಕು. ಎರಡೆಳೆ ತಂತಿ ಹೊಸೆದು ಬೋಲ್ಟಿಗೆ ಕಟ್ಟುವ ಲಾಕ್‌ವೈರ್ ನೋಡಿ: ಬೋಲ್ಟ್ ಸಡಿಲವಾಗಲು ಹೊರಟರೆ ತಂತಿ ಅದನ್ನು ಬಿಗಿಯುವ ಕಡೆಗೇ ಎಳೆಯಬೇಕು. ಉಲ್ಟಾ ಕಟ್ಟಿದರೆ ನೋಡಲು ಅಷ್ಟೇ ಚೆಂದ, ಕೆಲಸಕ್ಕೆ ಸೊನ್ನೆ. ಕೆಲಸ ಮುಗಿದ ಮೇಲೆ ಸಲಕರಣೆಗಳ ಎಣಿಕೆ. ಒಂದು ಸ್ಪ್ಯಾನರ್ ಕಾಣದಿದ್ದರೂ ಅದು ಸಿಗುವವರೆಗೆ ವಿಮಾನಕ್ಕೆ ಬಿಡುಗಡೆಯಿಲ್ಲ.

ಬೆಂಗಳೂರಿಗೆ ಈ ಕಸುಬು ಹೊಸತಲ್ಲ. 1940ರಲ್ಲಿ ಹುಟ್ಟಿದ ವಿಮಾನ ಕಾರ್ಖಾನೆ ಎಚ್‌ಎಎಲ್ ಸುತ್ತ ಎಷ್ಟೋ ಮನೆಗಳಲ್ಲಿ ಇದೇ ಅನ್ನ. ನಾಗರಿಕ ವಿಮಾನಯಾನದ ದಾರಿ ಬೇರೆ: ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತ ಓದಿ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ (ಡಿಜಿಸಿಎ) ಮಾನ್ಯತೆಯಿರುವ ಸಂಸ್ಥೆ ಸೇರಬೇಕು. ಎಂಜಿನ್, ವಿಮಾನದ ಮೈಕಟ್ಟು ಬಿ1 ವಿಭಾಗ, ಏವಿಯಾನಿಕ್ಸ್ ಬಿ2. ಕೋರ್ಸ್ ಮುಗಿಸಿದರೆ ಲೈಸೆನ್ಸ್ ಕೈಗೆ ಬಂದಂತಲ್ಲ. ಮಾಡ್ಯೂಲ್ ಪರೀಕ್ಷೆಗಳಲ್ಲಿ ಶೇ. 75 ಅಂಕ ತೆಗೆಯಬೇಕು, ಹ್ಯಾಂಗರ್‌ನಲ್ಲಿ ಅನುಭವ ಗಳಿಸಬೇಕು. ದೊಡ್ಡ ವಿಮಾನವಾದರೆ ಆ ಮಾದರಿಯ ತರಬೇತಿಯೂ ಬೇರೆ. ಆಮೇಲಷ್ಟೇ ‘ಈ ವಿಮಾನ ಹಾರಲು ಯೋಗ್ಯ’ ಎಂದು ಸಹಿ ಹಾಕುವ ಅಧಿಕಾರ.

ಸಂಸ್ಥೆಗಳ ಬ್ರೋಷರ್‌ಗಳಲ್ಲಿ ಕೋರ್ಸಿಗೂ ಲೈಸೆನ್ಸಿಗೂ ಇರುವ ಈ ವ್ಯತ್ಯಾಸ ಮಸುಕಾಗಿರುತ್ತದೆ (ಲಕ್ಷಗಟ್ಟಲೆ ಶುಲ್ಕದ ಅಂಕಿಯೂ ಕೊನೆಯ ಪುಟದಲ್ಲಿ). ಸೀಟಿಗೆ ಹಣ ಕಟ್ಟುವ ಮುಂಚೆ ಪೋಷಕರು ಕೇಳಬೇಕಾದ್ದು ಎರಡೇ: ಮಾನ್ಯತೆ ಯಾವ ವಿಭಾಗಕ್ಕೆ, ಎಲ್ಲಿಯವರೆಗೆ? ಹುಡುಗ ಅಥವಾ ಹುಡುಗಿ ನಿಜವಾದ ವಿಮಾನಗಳ ಮೇಲೆ ಎಷ್ಟು ತಿಂಗಳು, ಯಾವ ಹ್ಯಾಂಗರ್‌ನಲ್ಲಿ ಕೆಲಸ ಕಲಿಯುತ್ತಾರೆ? ಉತ್ತರವನ್ನು ಕಾಗದದ ಮೇಲೆ ಬರೆಸಿಕೊಳ್ಳಿ.