ಅಡಗಿ ಕೂತ ಹಸಿರು ಕುದುರೆ

ಮಿಲ್ಪಿಟಾಸ್‌ನ ಗ್ರೇಟ್ ಮಾಲ್‌ಗೆ ನಾನು ಹೋಗಿದ್ದು ಚಪ್ಪಲಿ ಕೊಳ್ಳಲಿಕ್ಕೆ. ತಮ್ಮನ ಮನೆಗೆ ಬಂದು ನಾಲ್ಕು ದಿನವಾಗಿತ್ತು, ಊರಿಂದ ಹಾಕಿಕೊಂಡು ಬಂದಿದ್ದ ಜೋಡಿನ ಉಂಗುಷ್ಟ ಕಿತ್ತುಹೋಗಿತ್ತು. ಸ್ಯಾನ್ ಹೋಸೆಗೆ ಅಂಟಿಕೊಂಡ ಊರು ಅದು. ಅಲ್ಲಿ ಕೆಲಸಕ್ಕಿರುವ ನಮ್ಮವರಿಗೆ ಈ ಮಾಲ್ ವಾರದ ಸಂತೆ ಇದ್ದ ಹಾಗೆ. ಒಂದು ಸುತ್ತು ಹಾಕಿದರೆ ಎಲ್ಲೋ ಒಂದು ಮೂಲೆಯಿಂದ ಕನ್ನಡ ಕಿವಿಗೆ ಬಿದ್ದೇ ಬೀಳುತ್ತದೆ. ಆದರೆ ಆ ಒಂದು ಸುತ್ತು ಮುಗಿಯಬೇಕಲ್ಲ! ನಡೆದಷ್ಟೂ ಮಾಲ್. ಕಾಲು ಸೋತು, "ಎಷ್ಟು ದೊಡ್ಡದಾಗಿ ಕಟ್ಟಿದಾರೋ ಇದನ್ನ" ಅಂದೆ.

"ಮಾಲ್‌ಗೆ ಅಂತ ಕಟ್ಟಿದ್ದಲ್ಲ ಅಣ್ಣ. ಫೋರ್ಡ್ ಫ್ಯಾಕ್ಟರಿ ಇದು. ಮಸ್ಟಾಂಗ್ ಇಲ್ಲೇ ಆಗ್ತಿದ್ದಿದ್ದು."

ನಿಂತಲ್ಲೇ ನಿಂತೆ. 1955ರಿಂದ 1983ರವರೆಗೆ ಇಲ್ಲಿ ಕಾರು ಜೋಡಿಸುತ್ತಿದ್ದರಂತೆ. ಕಾರ್ಖಾನೆ ಮುಚ್ಚಿತು, 1994ರಲ್ಲಿ ಅದೇ ಕಟ್ಟಡ ಮಾಲ್ ಆಗಿ ಬಾಗಿಲು ತೆರೆಯಿತು. ಕಾರ್ಖಾನೆಗೆ ಇದ್ದ ಹೆಸರು ಸ್ಯಾನ್ ಹೋಸೆಯದು, ಇದ್ದ ಜಾಗ ಮಿಲ್ಪಿಟಾಸ್. ಸ್ಯಾನ್ ಹೋಸೆ ಅಂದಕೂಡಲೇ ನನ್ನ ಎದೆಯಲ್ಲಿ ಏನೋ ಧಗ್ ಎಂದಿತು. ಹಾಗಾದರೆ ಅದು? ಆ ಹಸಿರು ಕಾರು? ಅದೂ ಇಲ್ಲೇ ಹುಟ್ಟಿದ್ದಾ?

ಇಲ್ಲೇ ಹುಟ್ಟಿದ್ದು! ಅವತ್ತು ರಾತ್ರಿ ತಮ್ಮನ ಅಡುಗೆಮನೆಯ ಮೇಜಿನ ಮೇಲೆ ಆ ಕಾರಿನ ನಂಬರನ್ನು ಕಾಗದದಲ್ಲಿ ಬರೆದುಕೊಂಡು ಒಂದೊಂದೇ ಅಕ್ಷರ ಬಿಡಿಸಿದೆ. 8-ಆರ್-02-ಎಸ್-125559. ಮೊದಲ 8 ಅಂದರೆ 1968ರ ಮಾಡೆಲ್. ಆರ್ ಅಂದರೆ ಸ್ಯಾನ್ ಹೋಸೆ ಕಾರ್ಖಾನೆ. 02 ಅಂದರೆ ಬೆನ್ನು ಇಳಿಜಾರಾಗಿ ಜಾರುವ ಫಾಸ್ಟ್‌ಬ್ಯಾಕ್ ಮೈಕಟ್ಟು. ಎಸ್ ಅಂದರೆ 390 ಘನ ಅಂಗುಲದ ವಿ-8 ಎಂಜಿನ್. ಉಳಿದದ್ದು ಸಾಲಿನ ಸಂಖ್ಯೆ. ನಾನು ಚಪ್ಪಲಿ ಮೆಟ್ಟಿ ನೋಡುತ್ತಿದ್ದ ಸೂರಿನಡಿಯೇ 'ಬುಲ್ಲಿಟ್' ಸಿನಿಮಾದ ಮಸ್ಟಾಂಗ್ ಕಣ್ಣು ಬಿಟ್ಟಿತ್ತು.

'ಬುಲ್ಲಿಟ್' ನೋಡದವರಿಗೆ ಹೇಗೆ ಹೇಳಲಿ? ಕಾಲೇಜಿನ ದಿನಗಳಲ್ಲಿ ಗೆಳೆಯನ ಮನೆಯಲ್ಲಿ ಬಾಡಿಗೆ ವಿಸಿಆರ್ ತಂದು ನೋಡಿದ್ದೆವು. ಪ್ರಿಂಟು ಮಳೆ ಸುರಿದ ಹಾಗೆ. ಇಂಗ್ಲಿಷ್ ಅರ್ಧಕ್ಕರ್ಧ ಅರ್ಥವಾಗಲಿಲ್ಲ. ಆದರೆ ನಡುವೆ ಮಾತೇ ಬೇಡದ 10 ನಿಮಿಷ 53 ಸೆಕೆಂಡು ಬರುತ್ತದೆ ನೋಡಿ! ಸ್ಟೀವ್ ಮೆಕ್ವೀನ್ ಪೊಲೀಸ್ ಅಧಿಕಾರಿ. ಕಪ್ಪು ಡಾಡ್ಜ್ ಚಾರ್ಜರ್‌ನಲ್ಲಿ ಇಬ್ಬರು ಕೊಲೆಗಡುಕರು ಅವನ ಬೆನ್ನು ಹತ್ತಿದ್ದಾರೆ. ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳು. ಒಂದು ತಿರುವಿನಲ್ಲಿ ಹಸಿರು ಮಸ್ಟಾಂಗ್ ಅವರ ಕಣ್ಣಿಗೆ ತಪ್ಪಿಹೋಗುತ್ತದೆ. ಚಾರ್ಜರ್ ಓಡಿಸುವವನು ಅತ್ತ ಇತ್ತ ಹುಡುಕುತ್ತಾನೆ. ಆಮೇಲೆ ಅವನ ಕನ್ನಡಿಯಲ್ಲಿ, ಹಿಂದಿನ ದಿಬ್ಬದ ನೆತ್ತಿಯ ಮೇಲೆ, ಮೆಲ್ಲಗೆ ಹಸಿರು ಬಾನೆಟ್ಟು ಏಳುತ್ತದೆ! ಬೇಟೆಗೆ ಬಂದವರೇ ಬೇಟೆಯಾದರು. ಚಾರ್ಜರ್ ಓಡಿಸುವವನು ಒಂದು ಮಾತಾಡದೆ ಸೀಟ್ ಬೆಲ್ಟ್ ಎಳೆದು ಸಿಕ್ಕಿಸಿಕೊಳ್ಳುತ್ತಾನೆ. ಕ್ಲಿಕ್.

ಅಲ್ಲಿಯವರೆಗೆ ಹಿನ್ನೆಲೆಯಲ್ಲಿ ಲಾಲೋ ಶಿಫ್ರಿನ್ ಅವರ ಸಂಗೀತ ಇರುತ್ತದೆ. ಟೈರು ಕಿರುಚಿದ ಕ್ಷಣ ಅದು ನಿಂತುಬಿಡುತ್ತದೆ. ಇನ್ನು ಎಂಜಿನ್ನೇ ಹಾಡು. ದಿಬ್ಬದಿಂದ ಹಾರುತ್ತದೆ, ನೆಲಕ್ಕೆ ಹೊಟ್ಟೆ ಬಡಿಯುತ್ತದೆ, ಮತ್ತೆ ಹಾರುತ್ತದೆ. ಗೇರು ಬದಲಾದಾಗಲೆಲ್ಲ ನಮ್ಮ ಕರುಳು ಬದಲಾದ ಹಾಗೆ. ನಿರ್ದೇಶಕ ಪೀಟರ್ ಯೇಟ್ಸ್ ಇದನ್ನೆಲ್ಲ ನಿಜವಾದ ಬೀದಿಯಲ್ಲಿ, ನಿಜವಾದ ವೇಗದಲ್ಲಿ ತೆಗೆಸಿದರು. ಗಂಟೆಗೆ 110 ಮೈಲಿ ದಾಟಿದ್ದುಂಟು, ನಮ್ಮ ಲೆಕ್ಕದಲ್ಲಿ 177 ಕಿಲೋಮೀಟರ್. ಒಂದು ಕಡೆ ಮೆಕ್ವೀನ್ ತಿರುವು ತಪ್ಪಿ ಮುಂದೆ ಹೋಗಿ, ಹೊಗೆ ಎಬ್ಬಿಸುತ್ತ ರಿವರ್ಸ್ ಬರುತ್ತಾನೆ. ಅದು ನಿಜವಾಗಿ ಆದ ತಪ್ಪು, ಹಾಗೇ ಉಳಿಸಿಕೊಂಡರು. ಅದೇ ಹಸಿರು ಬೀಟಲ್ ಕಾರನ್ನು ಇವರು ಮತ್ತೆ ಮತ್ತೆ ಹಿಂದಿಕ್ಕುತ್ತಾರೆ. ಚಾರ್ಜರ್‌ನ ವೀಲ್ ಕ್ಯಾಪುಗಳು ಇರುವ ನಾಲ್ಕಕ್ಕಿಂತ ಹೆಚ್ಚು ಕಳಚಿ ಬೀಳುತ್ತವೆ. ಇರಲಿ, ಯಾರಿಗೆ ಬೇಕು ಲೆಕ್ಕ! ಈ ಚಿತ್ರದ ಸಂಕಲನಕ್ಕೆ ಫ್ರಾಂಕ್ ಕೆಲ್ಲರ್ ಅವರಿಗೆ ಆಸ್ಕರ್ ಬಂತು.

ಕಾರಿನ ವಿಷಯಕ್ಕೆ ಬರೋಣ. ಮಸ್ಟಾಂಗ್ 1964ರ ಏಪ್ರಿಲ್ 17ರಂದು ನ್ಯೂಯಾರ್ಕಿನ ವಿಶ್ವ ಮೇಳದಲ್ಲಿ ಹೊರಬಂದ ಕಾರು, ಎರಡು ವರ್ಷದೊಳಗೆ 10 ಲಕ್ಷ ತಯಾರಾದವು. ಅದೇ ಹೊತ್ತಿಗೆ ಪಾಂಟಿಯಾಕ್ ಜಿಟಿಓ ಕೂಡ ಬಂದು, ಮಧ್ಯಮ ಗಾತ್ರದ ಗಾಡಿಗೆ ದೊಡ್ಡ ಎಂಜಿನ್ ತುರುಕುವ ಹುಚ್ಚು ಅಮೆರಿಕಕ್ಕೆ ಹಿಡಿಯಿತು. ಮಸಲ್ ಕಾರ್ ಎಂದು ಜಗತ್ತು ಕರೆಯುವುದು ಈ ಪೈಲ್ವಾನರನ್ನೇ. ಬುಲ್ಲಿಟ್ ಮಸ್ಟಾಂಗ್‌ನ ಎಂಜಿನ್ 6.4 ಲೀಟರ್, 325 ಅಶ್ವಶಕ್ತಿ. ನಮ್ಮ ಮಾರುತಿ 800ರ ಎಂಟು ಎಂಜಿನ್‌ಗಳು ಒಂದೇ ಬಾನೆಟ್ಟಿನ ಕೆಳಗೆ! ಸಿನಿಮಾಕ್ಕಾಗಿ ಮ್ಯಾಕ್ಸ್ ಬಾಲ್ಚೌಸ್ಕಿ ಎಂಬ ರೇಸ್ ಕಾರು ಪರಿಣತರು ಅದರ ಸಸ್ಪೆನ್ಷನ್ ಬಿಗಿ ಮಾಡಿದರು. ಗ್ರಿಲ್‌ನಲ್ಲಿ ಓಡುತ್ತಿರುವ ಕುದುರೆ ಲಾಂಛನವನ್ನು ಕಿತ್ತು ಹಾಕಿದರು. ಥಳುಕು ಬೇಡ, ಬರೀ ಹಸಿರು ಮೈ, ಕಪ್ಪು ಬಾಯಿ. ಆ ಬೋಳುತನವೇ ಅದರ ಚೆಲುವು ಎಂದು ಈಗಲೂ ನನಗೆ ಅನ್ನಿಸುತ್ತದೆ.

ಆದರೆ ಚಿತ್ರೀಕರಣಕ್ಕೆ ಬಳಸಿದ್ದು ಒಂದಲ್ಲ, ಎರಡು ಕಾರು. ಒಂದು 125559, ಮೆಕ್ವೀನ್ ಕೂತು ಓಡಿಸಿದ್ದು. ಇನ್ನೊಂದು ಹಾರುವ, ಗುದ್ದುವ ಕೆಲಸಕ್ಕೆ. ಅದರ ನಂಬರು 125558! ಒಂದರ ಹಿಂದೊಂದು. ಒಂದೇ ಕಾರ್ಖಾನೆಯ ಅವಳಿ ಕೂಸುಗಳು. ನಮ್ಮ ಹಳೇ ಸಿನಿಮಾಗಳಲ್ಲಿ ಜಾತ್ರೆಯಲ್ಲಿ ಕೈತಪ್ಪಿ ಹೋಗುವ ಅಣ್ಣತಮ್ಮಂದಿರಂತೆ, ಚಿತ್ರೀಕರಣ ಮುಗಿದ ಮೇಲೆ ಇವೂ ಬೇರೆ ಬೇರೆ ದಾರಿ ಹಿಡಿದವು. ಪೆಟ್ಟು ತಿಂದು ಜಜ್ಜಿಹೋಗಿದ್ದ 558 ಗುಜರಿಗೆ ಹೋಯಿತು. ಅದರ ಕಥೆ ಮುಗಿಯಿತು ಎಂದೇ ಎಲ್ಲರೂ ನಂಬಿದರು.

559 ಮೊದಲು ಸ್ಟುಡಿಯೋದ ನೌಕರರೊಬ್ಬರ ಕೈಗೆ ಹೋಯಿತು, ಆಮೇಲೆ ದೇಶದ ಇನ್ನೊಂದು ತುದಿಯ ನ್ಯೂಜೆರ್ಸಿಯಲ್ಲಿದ್ದ ಪತ್ತೇದಾರಿ ಪೊಲೀಸರೊಬ್ಬರಿಗೆ. 1974ರಲ್ಲಿ ಅವರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟರು. ಅದು ತೈಲ ಬಿಕ್ಕಟ್ಟಿನ ಬಿಸಿ ಇನ್ನೂ ಆರದ ಕಾಲ. ಪೆಟ್ರೋಲು ಕುಡಿಯುವ ಇಂಥ ಗಾಡಿ ಮನೆಗೊಂದು ಹೊರೆ. ಆದರೂ ಅದೇ ರಾಜ್ಯದ ಒಬ್ಬರು ಹೋಗಿ ಕೊಂಡರು. ಕೊಂಡು ಏನು ಮಾಡಿದರು ಅಂತೀರಿ? ಗಾಜಿನ ಕೋಣೆಯಲ್ಲಿ ಇಟ್ಟರೇ? ಮೆರವಣಿಗೆ ಮಾಡಿದರೇ? ಇಲ್ಲ! ದಿನಬಳಕೆಗೆ ಹಚ್ಚಿದರು. ಅವರ ಮಡದಿ ಮೂರನೇ ತರಗತಿಯ ಟೀಚರು. ಜಗತ್ತಿನ ಅತಿ ಪ್ರಸಿದ್ಧ ಮಸ್ಟಾಂಗ್‌ನ ಸ್ಟೇರಿಂಗ್ ಹಿಡಿದು ಅವರು ದಿನಾ ಶಾಲೆಗೆ ಹೋಗಿಬರುತ್ತಿದ್ದರು. ಆ ಮಕ್ಕಳಲ್ಲಿ ಯಾರಿಗಾದರೂ ಗೊತ್ತಿತ್ತೇ, ತಮ್ಮ ಮೇಡಂ ಎಂಥ ಕುದುರೆಯಿಂದ ಇಳಿಯುತ್ತಿದ್ದಾರೆ ಎಂದು? ಈ ಒಂದು ಚಿತ್ರವನ್ನು ಕಣ್ಣ ಮುಂದೆ ತಂದುಕೊಂಡು ನಾನು ಆ ರಾತ್ರಿ ಎಷ್ಟೋ ಹೊತ್ತು ಕೂತಿದ್ದೆ.

ಆಮೇಲೆ ಬಂತು ಒಂದು ಕಾಗದ. 1977ರ ಡಿಸೆಂಬರ್ 14ರ ತಾರೀಖು. ಬರೆದವರು ಸ್ವತಃ ಸ್ಟೀವ್ ಮೆಕ್ವೀನ್. ಆ ಕಾರು ನನಗೆ ವಾಪಸ್ ಬೇಕು, ಮನಸ್ಸಿಗೆ ಹತ್ತಿರದ್ದು, ಹೇಗಿದೆಯೋ ಹಾಗೇ ನನ್ನ ಮನೆಯಲ್ಲಿ ಇಟ್ಟುಕೊಳ್ಳುತ್ತೇನೆ, ಬದಲಿಗೆ ನಿಮಗೆ ಬೇರೆ ಮಸ್ಟಾಂಗ್ ಹುಡುಕಿಕೊಡಲೂ ಸಿದ್ಧ ಎಂಬ ಅರ್ಥದ ನಾಲ್ಕು ಸಾಲು. ದುಡ್ಡು ಬಹಳವಾಗುವುದಾದರೆ ಬೇಡ ಅಂತಲೂ ಸೇರಿಸಿದ್ದರು. ಹಾಲಿವುಡ್ಡಿನ ಅಷ್ಟು ದೊಡ್ಡ ತಾರೆ ಕೇಳಿಕೊಂಡರೂ ಆ ಮನೆಯವರು ಕಾರು ಬಿಟ್ಟುಕೊಡಲಿಲ್ಲ. 1980ರ ನವೆಂಬರ್ 7ರಂದು ಮೆಕ್ವೀನ್ ತೀರಿಕೊಂಡರು. ಆ ಹೊತ್ತಿಗೆ ಸುಮಾರು 65,000 ಮೈಲಿ ಓಡಿದ್ದ ಕಾರಿನ ಕ್ಲಚ್ ಕೈಕೊಟ್ಟಿತ್ತು. ಅದನ್ನು ಮೂಲೆಗೆ ನಿಲ್ಲಿಸಿದರು.

ನಿಲ್ಲಿಸಿದ್ದು ನಿಂತೇಬಿಟ್ಟಿತು. ಸಂಸಾರ ಮನೆ ಬದಲಿಸಿದಾಗ ಜೊತೆಗೆ ಹೋಯಿತು, ಮತ್ತೆ ಮೂಲೆ ಸೇರಿತು. ಹೊರಗಡೆ ಅಭಿಮಾನಿಗಳು ದೇಶವೆಲ್ಲ ತಡಕುತ್ತಿದ್ದರು. ಒಳಗೆ ಅಪ್ಪ, ಅಮ್ಮ, ಮಕ್ಕಳು ಬಾಯಿ ಬಿಗಿಹಿಡಿದು ಬದುಕಿದರು. 2001ರಲ್ಲಿ ಅಪ್ಪ ಮಗ ಸೇರಿ ಬಿಚ್ಚಿ ರಿಪೇರಿಗೆ ಕೈ ಹಾಕಿದರು. ಅಪ್ಪನಿಗೆ ಪಾರ್ಕಿನ್ಸನ್ ಕಾಯಿಲೆ ಬಂತು, ಕೆಲಸ ಅಲ್ಲಿಗೇ ನಿಂತಿತು. 2014ರಲ್ಲಿ ಅಪ್ಪ ಹೋದರು. ಕೊನೆಗೆ ಮಗನೇ ಕಾರನ್ನು ಮತ್ತೆ ಓಡುವ ಹಾಗೆ ಮಾಡಿದ.

ಮಾಡಿದ, ಆದರೆ ಬಣ್ಣ ಮುಟ್ಟಲಿಲ್ಲ! ಇಡೀ ಕಥೆಯಲ್ಲಿ ನನಗೆ ಕೈಮುಗಿಯಬೇಕೆನಿಸುವ ಜಾಗ ಇದು. 2018ರ ಜನವರಿ 14ರಂದು ಡೆಟ್ರಾಯಿಟ್‌ನ ಮೋಟಾರು ಮೇಳದಲ್ಲಿ ಆ ಕಾರು ಜನರ ಮುಂದೆ ಬಂದು ನಿಂತಾಗ, ಟಿಂಕರಿಂಗ್ ಪೇಂಟಿಂಗ್ ಮಾಡಿ ಮದುವಣಗಿತ್ತಿಯಂತೆ ಮಿಂಚಲಿಲ್ಲ. ಹಸಿರು ಮಾಸಿ ಬೂದಿ ಬಡಿದ ಹಾಗಿತ್ತು, ಅಂಚುಗಳಲ್ಲಿ ತುಕ್ಕು, ಮೈಮೇಲೆ ತಗ್ಗು. ಬಗ್ಗಿ ನೋಡಿದರೆ ಬಾಗಿಲ ಕೆಳಗಿನ ಪಟ್ಟಿಯಲ್ಲಿ 1968ರಲ್ಲಿ ಕ್ಯಾಮೆರಾ ಸಿಕ್ಕಿಸಲು ವೆಲ್ಡ್ ಮಾಡಿದ್ದ ಕೊಳವೆಗಳು ಇನ್ನೂ ಅಲ್ಲೇ ಇದ್ದವು! ಅಷ್ಟು ವರ್ಷದಲ್ಲಿ ಯಾವ ಮೆಕ್ಯಾನಿಕ್ಕೂ ಅದನ್ನು ಅನಗತ್ಯ ಎಂದು ಕತ್ತರಿಸಿ ಎಸೆದಿರಲಿಲ್ಲ. ಹೊಸ ಬಣ್ಣ ಹೊಡೆದ ಹಳೆ ಕಾರುಗಳನ್ನು ನಾನೂ ಮೆಚ್ಚುತ್ತೇನೆ, ಆದರೆ ಈ ಒರಟು ಬೆಸುಗೆಯ ಮುಂದೆ ಅವೆಲ್ಲ ಫೋಟೋ ಮಾತ್ರ.

ಹಾಗಾದರೆ ಅವಳಿ 558? ತಡೆಯಿರಿ, ಅದಕ್ಕಿಂತ ಹತ್ತು ತಿಂಗಳು ಹಿಂದೆ, 2017ರಲ್ಲಿ, ಸುದ್ದಿ ಬಂತು: ಮೆಕ್ಸಿಕೋದ ಬಾಹಾ ಕ್ಯಾಲಿಫೋರ್ನಿಯಾದಲ್ಲಿ ಒಂದು ಹಳೇ ಮಸ್ಟಾಂಗ್ ಸಿಕ್ಕಿದೆ. ಮೈಗೆ ಬಿಳಿ ಬಣ್ಣ ಮೆತ್ತಿದ್ದರು. ಶಾಕ್ ಅಬ್ಸಾರ್ಬರ್ ಕೂರುವ ಜಾಗಕ್ಕೆ ಹೆಚ್ಚುವರಿ ತಗಡು ಕೊಟ್ಟು ಗಟ್ಟಿ ಮಾಡಿದ ಗುರುತು, ಡಿಕ್ಕಿಯಲ್ಲಿ ಯಾಕೋ ಕೊರೆದ ತೂತುಗಳು. ನಂಬರು ಓದಿ, ದಾಖಲೆ ತಾಳೆ ನೋಡಿದರು. 125558! ಗುಜರಿಯಲ್ಲಿ ಮುಗಿದುಹೋಯಿತೆಂದು ಎಲ್ಲರೂ ಎಣಿಸಿದ್ದ ಕೂಸು ಗಡಿಯಾಚೆ ಉಸಿರು ಹಿಡಿದುಕೊಂಡಿತ್ತು. ದಶಕಗಳ ಕಾಲ ಕಣ್ಮರೆಯಾಗಿದ್ದ ಎರಡೂ ಒಂದು ವರ್ಷದೊಳಗೆ ಬೆಳಕಿಗೆ ಬಂದವು. ಇದನ್ನು ಯಾರಾದರೂ ಕಥೆಯಲ್ಲಿ ಬರೆದಿದ್ದರೆ ನಾನೇ ಅತಿಯಾಯಿತು ಅನ್ನುತ್ತಿದ್ದೆ.

2020ರ ಜನವರಿ 10ರಂದು ಫ್ಲಾರಿಡಾದ ಕಿಸಿಮ್ಮಿಯಲ್ಲಿ 559 ಹರಾಜಾಯಿತು. ಕೂಗು 34 ಲಕ್ಷ ಡಾಲರ್‌ಗೆ ನಿಂತಿತು, ಶುಲ್ಕ ಸೇರಿ 37.4 ಲಕ್ಷ. ಆಗಿನ ಲೆಕ್ಕಕ್ಕೆ 26 ಕೋಟಿ ರೂಪಾಯಿಗೂ ಮೇಲೆ. ಅಷ್ಟು ಬೆಲೆಗೆ ಅದುವರೆಗೆ ಯಾವ ಮಸ್ಟಾಂಗೂ ಹೋಗಿರಲಿಲ್ಲ.

ನಂಬರು ಬಿಡಿಸುತ್ತ ಕೂತ ಆ ರಾತ್ರಿಯ ಮರುದಿನ ತಮ್ಮ ನನ್ನನ್ನು ಸ್ಯಾನ್ ಫ್ರಾನ್ಸಿಸ್ಕೋಗೆ ಕರೆದೊಯ್ದ. ಟೇಲರ್ ಬೀದಿಯೂ ಕ್ಲೇ ಬೀದಿಯೂ ಕೂಡುವ ಮೂಲೆಯಲ್ಲಿ ಸಿನಿಮಾದ ಬುಲ್ಲಿಟ್ ವಾಸವಿದ್ದ ಮನೆ. ಮಸ್ಟಾಂಗನ್ನು ಬೀದಿಯಲ್ಲಿ ನಿಲ್ಲಿಸಿ, ಎದುರಿನ ದಿನಸಿ ಅಂಗಡಿಯಿಂದ ಕೈ ತುಂಬ ಊಟದ ಡಬ್ಬಿಗಳನ್ನು ಒಟ್ಟಿಕೊಂಡು ಹೋಗುವುದು ಇಲ್ಲೇ. ಬೀದಿಯ ಇಳಿಜಾರು ಪರದೆಯಲ್ಲಿ ಕಂಡದ್ದಕ್ಕಿಂತ ಕಡಿದು. ನಿಂತರೆ ಮೀನಖಂಡ ಎಳೆಯುತ್ತದೆ. ಇದರ ಮೇಲೆ 6.4 ಲೀಟರಿನ ಕಬ್ಬಿಣ ಹೊತ್ತು ಹಾರಿದರಲ್ಲ! ತಮ್ಮ ತನ್ನ ಕಾರಿನ ಹ್ಯಾಂಡ್‌ಬ್ರೇಕು ಎರಡು ಸಲ ಎಳೆದು ನೋಡಿ ಇಳಿದ.

ಬರುವಾಗ ಮತ್ತೆ ಗ್ರೇಟ್ ಮಾಲ್ ಹೊಕ್ಕೆವು. ಕೊಳ್ಳುವುದು ಏನೂ ಇರಲಿಲ್ಲ. ಒಂದು ತುದಿಯಿಂದ ಇನ್ನೊಂದು ತುದಿಗೆ ಮಾತಿಲ್ಲದೆ ನಡೆದೆವು. ಗೋಡೆಗೋಡೆಗೆ ಅಂಗಡಿಯ ದೀಪ, ಬಟ್ಟೆಯ ರಾಶಿ, ಜೋಳ ಹುರಿಯುವ ವಾಸನೆ. ನಾನು ತಲೆಯೆತ್ತಿ ಚಾವಣಿ ನೋಡುತ್ತ ನಡೆಯುತ್ತಿದ್ದೆ. ಎರಡು ಹಸಿರು ಮೈಗಳು, ಒಂದರ ಹಿಂದೆ ಒಂದು, ಈ ಸೂರಿನಡಿಯಲ್ಲೇ ಎಂಜಿನ್‌ಗಾಗಿ ಕಾಯುತ್ತ ನಿಂತಿದ್ದಿರಬೇಕು. "ಬಾ ಅಣ್ಣ, ಹಿಂದೆ ಉಳೀಬೇಡ" ಎಂದು ತಮ್ಮ ಮುಂದಿನಿಂದ ಕೂಗಿದ.